ರಫಾಯೆಲ್ ಲೆಮ್ಕಿನ್ : ಅನಾಮಧೇಯ ಪಾತಕಕ್ಕೆ ಹೆಸರಿಟ್ಟವರು

ಮನುಷ್ಯನೊಬ್ಬನನ್ನು ಕೊಂದವನನ್ನು ದಂಡಿಸುವ ಶಾಸನವು ಎಲ್ಲ ದೇಶಗಳಲ್ಲಿಯೂ ಪುರಾತನ ಕಾಲದಿಂದ ಇದ್ದೇ ಇದೆ. ಆದರೆ ಒಂದು ಸರ್ಕಾರವೇ ತನ್ನ ಪ್ರಜೆಗಳೊಳಗಣ ಒಂದು ಜನಾಂಗವನ್ನು ನಿರ್ನಾಮಮಾಡಹೊರಟರೆ ಅದನ್ನು ಏನೆಂದು ಕರೆಯಬೇಕು, ಯಾರು ವಿಚಾರಣೆ ನಡೆಸಬೇಕು ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದವರೆಗೆ ಲೋಕದ ನ್ಯಾಯಶಾಸ್ತ್ರದಲ್ಲಿ ಉತ್ತರವಿರಲಿಲ್ಲ. ಆ ಉತ್ತರವನ್ನು ಒದಗಿಸುವುದಕ್ಕಾಗಿ ತಮ್ಮ ಆಯುಸ್ಸನ್ನೇ ಸವೆಸಿದ ರಫಾಯೆಲ್ ಲೆಮ್ಕಿನ್ನರ ಚರಿತ್ರೆಯನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಲೆಮ್ಕಿನ್ನರು 1900ನೆಯ ಇಸವಿ ಜೂನ್ 24ರಂದು, ಆಗ ರಷ್ಯಾ ಚಕ್ರಾಧಿಪತ್ಯಕ್ಕೆ ಸೇರಿದ್ದು ಈಗ ಬೆಲಾರೂಸ್ ದೇಶದಲ್ಲಿರುವ ವೋಲ್ಕೋವಿಸ್ಕ್ ಪಟ್ಟಣದ ಸಮೀಪದಲ್ಲಿ, ಯೆಹೂದ್ಯರ ಒಂದು ಒಕ್ಕಲು ಮನೆತನದಲ್ಲಿ ಜನಿಸಿದರು. ಬಾಲ್ಯದಿಂದಲೂ ಅವರಿಗೆ ನಾನಾ ಭಾಷೆಗಳಲ್ಲಿ ಅಭಿರುಚಿ. ಲ್ವೂಫ್ ನಗರದ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ವ್ಯಾಸಂಗವನ್ನು ಕೈಕೊಂಡಿದ್ದ ಅವರು ನ್ಯಾಯಶಾಸ್ತ್ರದ ಕಡೆಗೆ ಹೊರಳಿದುದಕ್ಕೆ ಕಾರಣವಾದದ್ದು ದೂರದ ಆರ್ಮೇನಿಯನ್ ಜನರ ದುರ್ಗತಿ.

ಆರ್ಮೇನಿಯನರು ನಮಗೆ ಕೇವಲ ಅಪರಿಚಿತರಲ್ಲ. ಅವರ ವರ್ತಕರು ಮದರಾಸು ಕಲ್ಕತ್ತೆಗಳಲ್ಲಿ ನೆಲಸಿದ್ದರು. ಅವರ ಭಾಷೆಯ ಪ್ರಪ್ರಥಮ ಪತ್ರಿಕೆಯು 1794ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿಯೇ. 1915ನೆಯ ಏಪ್ರಿಲ್ 24ರಂದು ತುರ್ಕಿಯ ಆಟೋಮನ್ ಸರ್ಕಾರವು ಕಾನ್‌ಸ್ಟಾಂಟಿನೋಪಲ್ಲಿನಲ್ಲಿದ್ದ ಈ ಜನಾಂಗದ ಮುಖಂಡರನ್ನೂ ವಿದ್ವಾಂಸರನ್ನೂ ಸೆರೆಹಿಡಿಯಿತು. ಅನಂತರ ಊರೂರುಗಳಲ್ಲಿ ಗಂಡಸರ ವಧೆಯಾಯಿತು. ಹೆಂಗಸರೂ ಮಕ್ಕಳೂ ಅನ್ನನೀರಿಲ್ಲದೆ ಸಿರಿಯಾದ ಮರುಭೂಮಿಗೆ ಅಟ್ಟಲ್ಪಟ್ಟರು. ಮಡಿದವರು 10 ಲಕ್ಷದಿಂದ 15 ಲಕ್ಷದವರೆಗೆ ಎಂಬುದು ಬಹುಮಂದಿ ಇತಿಹಾಸಕಾರರ ಗಣನೆ. ಈ ಅಪ್ಪಣೆಗಳ ಮೂಲಪುರುಷನು ಗೃಹಮಂತ್ರಿಯಾಗಿದ್ದ ತಲಾತ್ ಪಾಷಾ.

ಲೋಕಕ್ಕೆ ಈ ಸಂಗತಿ ತಿಳಿಯದೆ ಇರಲಿಲ್ಲ. ಅಮೆರಿಕೆಯ ರಾಯಭಾರಿ ಹೆನ್ರಿ ಮಾರ್ಗೆಂಥೋ ಮಹಾಶಯರು ವರದಿಯ ಮೇಲೆ ವರದಿಯನ್ನು ಕಳುಹಿದರು. 1919ರಲ್ಲಿ ತುರ್ಕಿಯ ಸೈನಿಕ ನ್ಯಾಯಸ್ಥಾನವೇ ತಲಾತನಿಗೆ, ಅವನ ಗೈರುಹಾಜರಿಯಲ್ಲಿ, ಮರಣದಂಡನೆಯನ್ನು ವಿಧಿಸಿತು. ಆದರೆ ಅವನು ಬರ್ಲಿನ್ನಿನಲ್ಲಿ ಸುಖವಾಗಿದ್ದನು. 1921ನೆಯ ಮಾರ್ಚ್ 15ರಂದು ಸೊಗೊಮೊನ್ ತೆಹ್ಲಿರಿಯನ್ ಎಂಬ ಆರ್ಮೇನಿಯನ್ ತರುಣನು ಅವನನ್ನು ಹಾಡುಹಗಲಲ್ಲಿ ಗುಂಡಿಟ್ಟು ಕೊಂದನು. ಜರ್ಮನ್ ಜೂರಿಗಳು ಆ ತರುಣನನ್ನು ನಿರ್ದೋಷಿಯೆಂದು ಬಿಟ್ಟರು. ಒಬ್ಬನನ್ನು ಕೊಂದವನಿಗೆ ವಿಚಾರಣೆಯುಂಟು, ಒಂದು ಜನಾಂಗವನ್ನೇ ಕೊಲ್ಲಿಸಿದವನನ್ನು ಹಿಡಿಯಲು ಶಾಸನವಿಲ್ಲವೇಕೆ ಎಂದು ಲೆಮ್ಕಿನ್ನರು ತಮ್ಮ ಆಚಾರ್ಯರನ್ನು ಕೇಳಿದರಂತೆ. ರೈತನು ತನ್ನ ಕೋಳಿಗಳನ್ನು ಕೊಂದರೆ ನೆರೆಯವನು ಪ್ರಶ್ನಿಸಲಾಗದು, ರಾಜ್ಯದ ಸಾರ್ವಭೌಮತ್ವವೂ ಅಂತಹುದೇ ಎಂಬ ಅರ್ಥದ ಉತ್ತರ ಬಂದಿತೆಂದು ಅವರು ಆತ್ಮಕಥೆಯಲ್ಲಿ ಬರೆದಿದ್ದಾರೆ. ಆ ಉತ್ತರವು ಅವರನ್ನು ಜೀವಾವಧಿ ಕಾಡಿತು.

ವಾರ್ಸಾದಲ್ಲಿ ಸರ್ಕಾರಿ ವಕೀಲರಾಗಿದ್ದಾಗ, 1933ರಲ್ಲಿ, ಜನಸಮುದಾಯಗಳ ನಾಶವನ್ನು ಎಲ್ಲ ರಾಷ್ಟ್ರಗಳೂ ದಂಡಿಸತಕ್ಕ ಅಪರಾಧವೆಂದು ಸಾರಬೇಕೆಂಬ ಸೂಚನೆಯನ್ನು ಅವರು ಮ್ಯಾಡ್ರಿಡ್ ಪರಿಷತ್ತಿಗೆ ಕಳುಹಿದರು. ಪರಿಷತ್ತು ಅದನ್ನು ಅಂಗೀಕರಿಸಲಿಲ್ಲ. ಹಿಟ್ಲರನು ಜರ್ಮನಿಯ ಅಧಿಕಾರಕ್ಕೆ ಬಂದ ವರ್ಷವೂ ಅದೇ. 1939ರಲ್ಲಿ ಪೋಲೆಂಡಿನ ಮೇಲೆ ಬಾಂಬು ಬಿದ್ದಾಗ ಲೆಮ್ಕಿನ್ನರು ದೇಶಭ್ರಷ್ಟರಾಗಿ ಲಿಥುವೇನಿಯಾ, ಸ್ವೀಡನ್ನುಗಳನ್ನು ಸೇರಿ, 1941ರಲ್ಲಿ ರಷ್ಯಾ ಜಪಾನುಗಳ ಮಾರ್ಗವಾಗಿ ಅಮೆರಿಕೆಯನ್ನು ಮುಟ್ಟಿದರು. ಆಕ್ರಾಂತ ದೇಶಗಳಲ್ಲಿ ನಾಜಿಗಳು ಹೊರಡಿಸಿದ್ದ ಆಜ್ಞಾಪತ್ರಗಳನ್ನು ಅವರು ಸ್ವೀಡನ್ನಿನಲ್ಲಿದ್ದಾಗಲೇ ಕಲೆಹಾಕತೊಡಗಿದ್ದರು. ಆ ಆಧಾರಗಳ ಮೇಲೆ ರಚಿಸಿ 1944ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕುಲವೆಂಬರ್ಥದ ಗ್ರೀಕ್ ಶಬ್ದವನ್ನೂ ಹತ್ಯೆಯೆಂಬರ್ಥದ ಲ್ಯಾಟಿನ್ ಶಬ್ದವನ್ನೂ ಕೂಡಿಸಿ ಜಿನೊಸೈಡ್ ಎಂಬ ಹೊಸ ಪದವನ್ನು ನಿರ್ಮಿಸಿದರು. ನಾವು ಜನಾಂಗಹತ್ಯೆ ಎಂದು ಹೇಳುವುದು ಅದನ್ನೇ.

ಯುದ್ಧಾನಂತರ ನ್ಯೂರೆಂಬರ್ಗ್ ವಿಚಾರಣೆಯಲ್ಲಿ ಅವರು ಅಮೆರಿಕೆಯ ಅಭಿಯೋಜಕರಿಗೆ ಸಲಹೆಗಾರರಾದರು. ತಮ್ಮ ತಂದೆತಾಯಿಗಳೂ ಸೇರಿ ಬಂಧುವರ್ಗದ 49 ಮಂದಿ ನಾಜಿಗಳ ಕ್ರೌರ್ಯಕ್ಕೆ ಬಲಿಯಾದರೆಂಬ ವಾರ್ತೆ ಅವರಿಗೆ ತಲಪಿದ್ದು ಆ ದಿನಗಳಲ್ಲಿಯೇ. ಆರೋಪಪತ್ರದಲ್ಲಿ ಕಾಣಿಸಿಕೊಂಡ ಅವರ ಪದವು 1946ರ ತೀರ್ಪಿನಲ್ಲಿ ಕಾಣಿಸಲಿಲ್ಲ. ಎದೆಗುಂದದೆ ಅವರು ಸಂಯುಕ್ತ ರಾಷ್ಟ್ರಸಂಸ್ಥೆಯ ಬಾಗಿಲಿಗೆ ಹೋದರು. ಅಧಿಕಾರವಿಲ್ಲ, ಹಣವಿಲ್ಲ, ಪ್ರತಿನಿಧಿಗಳನ್ನು ಪಡಸಾಲೆಗಳಲ್ಲಿ ತಡೆದು ವಾದಿಸುವುದೊಂದೇ ಅವರ ಸಾಧನ. ಅವರ ಸೂಚನೆಯನ್ನು ಸಭೆಯ ಮುಂದಿಟ್ಟ ಮೂರು ರಾಷ್ಟ್ರಗಳು ಕ್ಯೂಬಾ, ಪನಾಮಾ ಮತ್ತು ಭಾರತ. ಶ್ರೀಮತಿ ವಿಜಯಲಕ್ಷ್ಮೀ ಪಂಡಿತರ ನೇತೃತ್ವದ ನಿಯೋಗವು ನಮ್ಮ ಸ್ವಾತಂತ್ರ್ಯಕ್ಕೆ ಮೊದಲೇ ಈ ಪಕ್ಷವನ್ನು ವಹಿಸಿತೆಂಬುದು ಸ್ಮರಣೀಯ. 1948ನೆಯ ಡಿಸೆಂಬರ್ 9ರಂದು ಪ್ಯಾರಿಸ್ಸಿನಲ್ಲಿ ಜನಾಂಗಹತ್ಯೆಯ ನಿಷೇಧದ ಒಡಂಬಡಿಕೆಯು ಅಂಗೀಕೃತವಾಯಿತು.

ಈಗ ನಿರಾಕರಣೆಯ ವಿಚಾರ. ಆರ್ಮೇನಿಯನರು ಸತ್ತರೆಂಬುದನ್ನು ತುರ್ಕಿಯ ಸರ್ಕಾರವು ಅಲ್ಲಗಳೆಯುವುದಿಲ್ಲ. ಅದು ಯುದ್ಧಕಾಲದ ಅನಾಹುತ, ನಾಶಮಾಡುವ ಉದ್ದೇಶವಿರಲಿಲ್ಲ, ಆದ್ದರಿಂದ ಆ ಹೆಸರು ಸಲ್ಲದು ಎಂದು ವಾದಿಸುತ್ತದೆ. ಒಡಂಬಡಿಕೆಯ ಜೀವಾಳವೇ ಉದ್ದೇಶವಾದುದರಿಂದ ಈ ವಾದವು ಒಂದು ಪದದ ಮೇಲೆ ನಿಂತಿದೆ. ಆದರೆ ಆ ಪದವನ್ನು ಸೃಷ್ಟಿಸಿದವರೇ 1949ರಲ್ಲಿ ಅಮೆರಿಕೆಯ ದೂರದರ್ಶನದಲ್ಲಿ, ತಮ್ಮನ್ನು ಈ ಕಾರ್ಯಕ್ಕೆ ಪ್ರೇರಿಸಿದ್ದು ಆರ್ಮೇನಿಯನರ ವಧೆಯೆಂದು ಸ್ಪಷ್ಟಪಡಿಸಿದರು. ಮಗುವಿಗೆ ಹೆಸರಿಟ್ಟವರ ಸಾಕ್ಷ್ಯಕ್ಕಿಂತ ಬಲವತ್ತರವಾದ ಸಾಕ್ಷ್ಯವನ್ನು ನಾವು ಕಾಣೆವು. 1965ರಲ್ಲಿ ಉರುಗ್ವೆ, 2016ರಲ್ಲಿ ಜರ್ಮನಿಯ ಪಾರ್ಲಿಮೆಂಟು, 2021ರಲ್ಲಿ ಅಮೆರಿಕೆಯ ಅಧ್ಯಕ್ಷರು ಈ ಸತ್ಯವನ್ನು ಒಪ್ಪಿದರು. ಇಸ್ತಾಂಬುಲಿನಲ್ಲಿ ಅದನ್ನು ಧೈರ್ಯದಿಂದ ಬರೆದ ಪತ್ರಿಕಾಸಂಪಾದಕ ಹ್ರಾಂತ್ ದಿಂಕರು ಮೊದಲು ನ್ಯಾಯಸ್ಥಾನದಲ್ಲಿ ಅಪರಾಧಿಯೆನಿಸಿ, 2007ನೆಯ ಜನವರಿ 19ರಂದು ತಮ್ಮ ಕಚೇರಿಯ ಮುಂದೆಯೇ ಗುಂಡಿಗೆ ಬಲಿಯಾದರು. ನಿರಾಕರಣೆಯು ಸತ್ತವರನ್ನು ಮಾತ್ರವಲ್ಲದೆ ಬದುಕಿರುವವರನ್ನೂ ಬಾಧಿಸುವುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಲೆಮ್ಕಿನ್ನರು 1959ನೆಯ ಆಗಸ್ಟ್ 28ರಂದು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನೊಬೆಲ್ ಶಾಂತಿ ಬಹುಮಾನಕ್ಕೆ ಹಲವು ಬಾರಿ ಹೆಸರು ಸೂಚಿತವಾಗಿದ್ದ ಆ ಮಹನೀಯರು ಬಡತನದಲ್ಲಿ ಮಡಿದರು. ಅಂತ್ಯಕ್ರಿಯೆಗೆ ನೆರೆದವರು ಬೆರಳೆಣಿಕೆಯಷ್ಟು ಜನ. ಭಾರತವು ಒಡಂಬಡಿಕೆಯನ್ನು ಸ್ಥಿರೀಕರಿಸಿದ್ದು ಅದರ ಹಿಂದಿನ ದಿನ, ಆಗಸ್ಟ್ 27ರಂದು. ಸ್ಥಿರೀಕರಿಸಿದ ರಾಷ್ಟ್ರವು ತನ್ನಲ್ಲಿ ತಕ್ಕ ಶಾಸನವನ್ನು ರಚಿಸಬೇಕೆಂಬುದು ಅದರ ಐದನೆಯ ವಿಧಿ. ಅಂತಹ ಶಾಸನವು ನಮ್ಮಲ್ಲಿಲ್ಲವೆಂದು ದೆಹಲಿಯ ಉಚ್ಚ ನ್ಯಾಯಾಲಯವು 2018ರಲ್ಲಿ ಎತ್ತಿ ತೋರಿಸಿತು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಆ ಕೊರತೆಯನ್ನು ತುಂಬಲಿಲ್ಲ. 1946ರಲ್ಲಿ ಲೋಕದ ಮುಂದೆ ನಿಂತು ಈ ಪಾತಕವನ್ನು ಖಂಡಿಸಿದ ನಾಡಿಗೆ ಈ ಔದಾಸೀನ್ಯ ಶೋಭಿಸದು. ಕೊಟ್ಟ ಮಾತನ್ನು ಶಾಸನದ ಪುಸ್ತಕದಲ್ಲಿ ಬರೆದಿಡುವ ಹೊಣೆಯನ್ನು ನಮ್ಮ ಶಾಸನಕರ್ತರು ಇನ್ನಾದರೂ ನಿರ್ವಹಿಸಲೆಂದು ಆಶಿಸುತ್ತೇವೆ.