ಒಂದು ಶ್ವಾಸಕೋಶದ ಗಾನ: ಕುಮಾರ ಗಂಧರ್ವರ ಮೌನದ ವರ್ಷಗಳು

ಹಾಡುಗಾರನಿಗೆ ಕಂಠವೇ ವಾದ್ಯ. ಸಿತಾರಿನ ತಂತಿ ಹರಿದರೆ ಬೇರೊಂದನ್ನು ಬಿಗಿಯಬಹುದು, ತಬಲದ ಚರ್ಮ ಸಡಿಲಗೊಂಡರೆ ಹೊಸದಾಗಿ ಮಡಾಯಿಸಬಹುದು. ಆದರೆ ಗಂಟಲಿಗೂ ಅದಕ್ಕೆ ಗಾಳಿಯೂಡುವ ಶ್ವಾಸಕೋಶಕ್ಕೂ ಬದಲಿಯಿಲ್ಲ. ಈ ಕಟುಸತ್ಯವನ್ನು ಇಪ್ಪತ್ತಮೂರನೆಯ ವಯಸ್ಸಿಗೇ ಅನುಭವಿಸಿ, ವರ್ಷಗಟ್ಟಲೆ ಮೌನವಾಗಿದ್ದು, ಬಳಿಕ ಹಿಂದೂಸ್ತಾನಿ ಸಂಗೀತಕ್ಕೆ ಹೊಸ ದಿಕ್ಕು ತೋರಿದವರು ಕನ್ನಡ ನೆಲದ ಕುಮಾರ ಗಂಧರ್ವರು.

ಸುಳೇಭಾವಿಯ ಬಾಲಕ

ಶಿವಪುತ್ರಯ್ಯ ಸಿದ್ಧರಾಮಯ್ಯ ಕೊಂಕಾಳಿಮಠ ಎಂಬುದು ಅವರ ಮೂಲ ಹೆಸರು. 1924ರ ಏಪ್ರಿಲ್ 8ರಂದು ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಜನಿಸಿದರು. ತಂದೆಗೂ ಸಂಗೀತದ ಗೀಳಿತ್ತು. ಗ್ರಾಮಫೋನ್ ತಟ್ಟೆಗಳಲ್ಲಿ ಕೇಳಿದ ಹಿರಿಯ ಉಸ್ತಾದರ ಗಾಯನವನ್ನು ಬಾಲಕ ಹಾಗೆಯೇ ಒಪ್ಪಿಸುತ್ತಿದ್ದುದನ್ನು ಕಂಡು ಕೇಳುಗರು ಬೆರಗಾಗುತ್ತಿದ್ದರು. ಕುಮಾರ ಗಂಧರ್ವ ಎಂಬ ಬಿರುದು ಬಾಲ್ಯದಲ್ಲೇ ದೊರೆಯಿತು. ಮುಂದೆ ಅದೇ ಹೆಸರಾಗಿ ಉಳಿಯಿತು.

ಹನ್ನೆರಡರ ಆಸುಪಾಸಿನಲ್ಲಿ ಮುಂಬಯಿಗೆ ತೆರಳಿ ಪ್ರೊ. ಬಿ.ಆರ್. ದೇವಧರ ಅವರ ಶಿಷ್ಯರಾದರು. ದೇವಧರರು ರಾಗವಿದ್ಯೆಯ ಜೊತೆಗೆ ಧ್ವನಿ ಸಂಸ್ಕಾರವನ್ನೂ ಶಾಸ್ತ್ರವಾಗಿ ಅಭ್ಯಸಿಸಿದವರು. ಸ್ವರ ಹೊರಡುವ ಬಗೆ, ಉಸಿರಿನ ಹಿಡಿತ ಇವೆಲ್ಲ ಅವರ ಆಸಕ್ತಿಯ ವಿಷಯಗಳು. ಅಂಥ ಗುರುವಿನ ಬಳಿ ಬೆಳೆದ ಶಿಷ್ಯನನ್ನು ರೋಗವು ಉಸಿರಿನಲ್ಲೇ ಹಿಡಿದದ್ದು ವಿಧಿಯ ವ್ಯಂಗ್ಯವೇ ಸರಿ.

ದೇವಾಸದ ಹಾಸಿಗೆ

1947ರಲ್ಲಿ ಗಾಯಕಿ ಭಾನುಮತಿಯವರೊಂದಿಗೆ ವಿವಾಹವಾಯಿತು. ಅದರ ಬೆನ್ನಿಗೇ ಕ್ಷಯ ಕಾಣಿಸಿಕೊಂಡಿತು. ವೈದ್ಯರು ಹಾಡುವುದನ್ನು ನಿಷೇಧಿಸಿದರು. ಆ ಕಾಲದಲ್ಲಿ ಕ್ಷಯರೋಗಿಗೆ ಹೇಳುತ್ತಿದ್ದ ಮುಖ್ಯ ಉಪಚಾರವೆಂದರೆ ವಿಶ್ರಾಂತಿ, ಪೌಷ್ಟಿಕ ಆಹಾರ, ಒಣ ಹವೆ ಮತ್ತು ತೆರೆದ ಕಿಟಕಿ. ಮುಂಬಯಿಯ ತೇವದ ಹವೆಯನ್ನು ಬಿಟ್ಟು ದಂಪತಿ 1948ರ ಆರಂಭದಲ್ಲಿ ಮಾಳವ ಪ್ರಾಂತದ ದೇವಾಸಕ್ಕೆ ಬಂದರು. ಭಾನುಮತಿಯವರು ಶಾಲಾ ಶಿಕ್ಷಕಿಯಾಗಿ ದುಡಿದು ಸಂಸಾರದ ಭಾರ ಹೊತ್ತರು. ರೋಗಿಯ ಶುಶ್ರೂಷೆಯೂ ಅವರ ಪಾಲಿನದಾಯಿತು.

ಒಣ ಹವೆಯೊಂದೇ ಕ್ಷಯವನ್ನು ಗುಣಪಡಿಸದು ಎಂಬುದು ಇಂದು ಸ್ಪಷ್ಟ. ರೋಗಕ್ಕೆ ಕಾರಣವಾದ ಸೂಕ್ಷ್ಮಾಣುವನ್ನು ರಾಬರ್ಟ್ ಕೋಖ್ 1882ರಲ್ಲಿ ಗುರುತಿಸಿದ್ದರೂ ಅದನ್ನು ಕೊಲ್ಲುವ ಸ್ಟ್ರೆಪ್ಟೊಮೈಸಿನ್ ಔಷಧ ಪತ್ತೆಯಾದುದು 1943ರಲ್ಲಿ. ಆ ಹೊಸ ಔಷಧವೇ ಕುಮಾರರ ಪಾಲಿಗೆ ಸಂಜೀವಿನಿಯಾಯಿತು. ಅದು ಕಿವಿಯ ನರಕ್ಕೆ ಹಾನಿ ಮಾಡಬಲ್ಲ ಔಷಧ ಎಂಬುದನ್ನು ನೆನೆದರೆ, ಸ್ವರವನ್ನೇ ನಂಬಿದವನಿಗೆ ಅದೆಂಥ ಪಣವಾಗಿತ್ತೆಂದು ಊಹಿಸಬಹುದು.

ಹಾಗೆಂದು ತೆರೆದ ಕಿಟಕಿಯ ಉಪಚಾರ ಸುಳ್ಳಾಗಿರಲಿಲ್ಲ. ರೋಗಿ ಕೆಮ್ಮಿದಾಗ, ಮಾತನಾಡಿದಾಗ, ಹಾಡಿದಾಗ ಹೊರಬೀಳುವ ಅತಿ ಸಣ್ಣ ಹನಿಗಳು ಮುಚ್ಚಿದ ಕೋಣೆಯಲ್ಲಿ ತಾಸುಗಟ್ಟಲೆ ತೇಲುತ್ತವೆ. ಗಾಳಿಯಾಡುವ ಕೋಣೆಯಲ್ಲಿ ಅವು ಚದುರಿಹೋಗುತ್ತವೆ. ಬಿಸಿಲು ಸೂಕ್ಷ್ಮಾಣುವನ್ನು ಕೊಲ್ಲುತ್ತದೆ. ತೆರೆದ ಕಿಟಕಿ ರೋಗಿಗಿಂತ ಹೆಚ್ಚಾಗಿ ಆತನ ಸುತ್ತಲಿನವರನ್ನು ಕಾಯುತ್ತಿತ್ತು.

ಹಾಸಿಗೆಯಲ್ಲಿದ್ದ ಕುಮಾರರ ಕಿವಿ ಮಾತ್ರ ಸುಮ್ಮನಿರಲಿಲ್ಲ. ಹಕ್ಕಿಗಳ ದನಿ, ಬೀದಿಯ ಭಿಕ್ಷುಕರ ಪದ, ಮಾಳವದ ಹೆಣ್ಣುಮಕ್ಕಳ ಹಾಡು ಎಲ್ಲವೂ ಕಿವಿಗೆ ಬಿದ್ದು ಮನದಲ್ಲಿ ನೆಲೆಸಿದವು. ಆ ಜಾನಪದ ಧಾಟಿಗಳಲ್ಲಿ ರಾಗಗಳ ಮೂಲವನ್ನೇ ಅವರು ಕಂಡುಕೊಂಡರು.

ಮುರಿದ ಉಸಿರಿನ ಹೊಸ ಧಾಟಿ

1953ರಲ್ಲಿ ಅವರು ಮತ್ತೆ ವೇದಿಕೆ ಏರಿದಾಗ ಒಂದು ಶ್ವಾಸಕೋಶ ಬಹುತೇಕ ನಿಷ್ಪ್ರಯೋಜಕವಾಗಿತ್ತು. ದೀರ್ಘ ಉಸಿರಿನ ಆಲಾಪ ಕಷ್ಟವಾಗಿತ್ತು. ಚಿಕ್ಕ ಚಿಕ್ಕ ಸ್ವರಗುಚ್ಛ, ನಡುವೆ ಅರ್ಥಪೂರ್ಣ ವಿರಾಮ, ಥಟ್ಟನೆ ಮೇಲೇರುವ ತಾರಸ್ವರ ಇವೇ ಅವರ ಹೆಗ್ಗುರುತಾದವು. ಕೊರತೆಯೇ ಶೈಲಿಯಾಯಿತು. ಮಾಲವತಿ, ಲಗನ ಗಾಂಧಾರ, ಸಂಜಾರಿ ಮೊದಲಾದ ಹೊಸ ರಾಗಗಳನ್ನು ಸೃಷ್ಟಿಸಿದರು. ಗೀತ ವರ್ಷಾ, ಗೀತ ಹೇಮಂತ, ಗೀತ ವಸಂತ ಎಂದು ಋತುಮಾನಗಳನ್ನೇ ಹಾಡಿದರು. ಅವರ ಕಂಠದಲ್ಲಿ ಕಬೀರರ ನಿರ್ಗುಣ ಪದಗಳು ದೇಶವ್ಯಾಪಿಯಾದವು.

1961ರಲ್ಲಿ ಭಾನುಮತಿಯವರು ತೀರಿಕೊಂಡರು. ಮರುವರ್ಷ ವಸುಂಧರಾ ಅವರನ್ನು ವರಿಸಿದರು, ಅವರೂ ಗಾಯಕಿ. 1977ರಲ್ಲಿ ಪದ್ಮಭೂಷಣ, 1990ರಲ್ಲಿ ಪದ್ಮವಿಭೂಷಣ ಸಂದವು. 1992ರ ಜನವರಿ 12ರಂದು ದೇವಾಸದಲ್ಲೇ ಕೊನೆಯುಸಿರೆಳೆದರು.

ನಮ್ಮ ಮನೆಯೊಳಗಿನ ಗಾಳಿ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳದೂ ಒಣ ಹವೆಯೇ. ಭಜನೆ, ಗೀಗೀ ಪದ, ಬೀಸುವ ಕಲ್ಲಿನ ಹಾಡು ಈ ನೆಲದ ಬಳುವಳಿ. ಹಲಸಂಗಿ ಗೆಳೆಯರು 1931ರಲ್ಲಿ ಗರತಿಯ ಹಾಡನ್ನು ಪ್ರಕಟಿಸಿದ್ದು ಅಂದಿನ ಇಂಡಿ ಸೀಮೆಯ ಹೆಣ್ಣುದನಿಯನ್ನು ನಂಬಿಯೇ. ಆದರೆ ಆ ದನಿ ಹೊಮ್ಮಿದ್ದು ಹಿಟ್ಟಿನ ಧೂಳಿನ ನಡುವೆ. ಹತ್ತಿಕಟ್ಟಿಗೆ, ತೊಗರಿಕಟ್ಟಿಗೆ, ಕುಳ್ಳು ಉರಿಯುವ ಒಲೆಯ ಹೊಗೆಯ ನಡುವೆ. ಮಣ್ಣಿನ ಮಾಳಿಗೆಯ ಬೆಳಕಿಂಡಿಯೊಂದೇ ಆ ಹೊಗೆಗೆ ದಾರಿ. ಆ ಹೆಂಗಸರ ಗಂಟಲು, ಎದೆ ತೆತ್ತ ಬೆಲೆಯನ್ನು ಯಾರೂ ಬರೆದಿಡಲಿಲ್ಲ.

ನಗರದ ಮನೆಗಳಲ್ಲಿ ಒಲೆ ಹೋಗಿ ಗ್ಯಾಸ್ ಬಂದಿದೆ. ಆದರೆ ಸೊಳ್ಳೆಬತ್ತಿ, ಊದುಬತ್ತಿ, ಬೀಡಿ-ಸಿಗರೇಟಿನ ಹೊಗೆ, ಗೋಡೆಯ ತೇವದ ಬೂಷ್ಟು, ಎಸಿಯ ಒಣಗಾಳಿ ಹೊಸ ಅತಿಥಿಗಳಾಗಿವೆ. ಧ್ವನಿತಂತುಗಳು ಮಾತನಾಡುವಾಗ ಸೆಕೆಂಡಿಗೆ ನೂರಕ್ಕೂ ಹೆಚ್ಚು ಬಾರಿ ಕಂಪಿಸುತ್ತವೆ. ಅವುಗಳ ಮೇಲಿನ ತೆಳುವಾದ ತೇವದ ಪದರ ಒಣಗಿದರೆ ಅಥವಾ ಹೊಗೆಯಿಂದ ಕೆರಳಿದರೆ ಧ್ವನಿ ಒಡೆಯುತ್ತದೆ, ಬೇಗ ದಣಿಯುತ್ತದೆ. ಶಿಕ್ಷಕರು, ಗಾಯಕರು, ಕಾಲ್ ಸೆಂಟರ್ ನೌಕರರು ಇದನ್ನು ಚೆನ್ನಾಗಿ ಬಲ್ಲರು.

ಪರಿಹಾರ ದುಬಾರಿಯದಲ್ಲ. ಎದುರುಬದುರಿನ ಕಿಟಕಿಗಳನ್ನು ದಿನಕ್ಕೆರಡು ಬಾರಿ ತೆರೆಯುವುದು, ಅಡುಗೆಮನೆಯ ಹೊಗೆಗೆ ದಾರಿ ಮಾಡುವುದು, ಆಗಾಗ ನೀರು ಕುಡಿಯುವುದು, ಗಂಟಲಿಗೆ ವಿಶ್ರಾಂತಿ ಕೊಡುವುದು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ, ಮೂರು ವಾರ ಮೀರಿದ ಗೊಗ್ಗರು ದನಿಗೆ ವೈದ್ಯರ ಭೇಟಿ ಅವಶ್ಯ. ಕ್ಷಯ ಧ್ವನಿಪೆಟ್ಟಿಗೆಗೂ ತಗಲಬಲ್ಲದು. ಸಾಮಾನ್ಯ ಕ್ಷಯ ಈಗ ಆರು ತಿಂಗಳ ಔಷಧದಿಂದ ಗುಣವಾಗುತ್ತದೆ. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ.

ಕುಮಾರರಿಗೆ ಆ ಅನುಕೂಲ ತಡವಾಗಿ ದೊರೆಯಿತು. ಅಷ್ಟರಲ್ಲಿ ಅರ್ಧ ಉಸಿರು ಹೋಗಿತ್ತು. ಉಳಿದ ಅರ್ಧದಲ್ಲಿ ಅವರು ಸುಮಾರು ನಾಲ್ಕು ದಶಕ ಹಾಡಿದರು.