ರಕ್ತನಾಳಗಳ ಜಾಡು ಹಿಡಿದ ಹಾಲರ್

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತಿ ನದಿಗೆ ಅಣೆ ಇದೆ. ಅಲ್ಲಿಂದ ಹೊರಡುವ ನಾಲೆಯ ನೀರು ಕವಲೊಡೆದು ಗದ್ದೆಗಳನ್ನು ಸೇರುತ್ತದೆ. ಯಾವ ಕವಲು ಯಾರ ಗದ್ದೆಗೆ ಎಂದು ತಿಳಿಯದೆ ತೂಬು ಮುಚ್ಚಿದರೆ ಯಾರದೋ ಪೈರು ಒಣಗುತ್ತದೆ. ನಮ್ಮ ಹೊಟ್ಟೆಯೊಳಗೂ ಹೀಗೆಯೇ. ಹೃದಯದಿಂದ ಇಳಿದು ಬರುವ ಮಹಾಪಧಮನಿಯಿಂದ ಒಂದು ಗಿಡ್ಡ ನಾಳ ಹೊರಟು ಮೂರು ಕವಲಾಗುತ್ತದೆ. ಒಂದು ಜಠರಕ್ಕೆ, ಒಂದು ಯಕೃತ್ತಿಗೆ, ಇನ್ನೊಂದು ಅಂಕುಡೊಂಕಾಗಿ ಹರಿದು ಗುಲ್ಮಕ್ಕೆ. ವೈದ್ಯ ವಿದ್ಯಾರ್ಥಿಗಳು ಇದನ್ನು ಇಂದಿಗೂ ಹಾಲರ್ ಅವರ ಮುಕ್ಕಾಲಿ ಎಂದೇ ಕಲಿಯುತ್ತಾರೆ. ಯಾರು ಈ ಹಾಲರ್?

ಆಲ್ಬ್ರೆಕ್ಟ್ ಫಾನ್ ಹಾಲರ್ 1708ರ ಅಕ್ಟೋಬರ್ 16ರಂದು ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿ ಹುಟ್ಟಿದರು. ಬಾಲ್ಯದಲ್ಲಿ ಕಾಯಿಲೆಯೇ ಹೆಚ್ಚು. ಆಟಕ್ಕೆ ಸಲ್ಲದ ಹುಡುಗ ಓದಿಗೆ ಅಂಟಿಕೊಂಡ. ಹಾಲೆಂಡಿನ ಲೈಡನ್‌ನಲ್ಲಿ ಖ್ಯಾತ ವೈದ್ಯ ಬೂರ್‌ಹಾವ ಅವರ ಬಳಿ ಕಲಿತು 1727ರಲ್ಲಿ, ಇನ್ನೂ ಹತ್ತೊಂಬತ್ತು ತುಂಬುವ ಮೊದಲೇ, ವೈದ್ಯ ಪದವಿ ಪಡೆದರು. ಗಿಡಮೂಲಿಕೆ ಹುಡುಕುತ್ತಾ ಆಲ್ಪ್ಸ್ ಪರ್ವತಗಳನ್ನು ಸುತ್ತಿದರು. ಕವಿತೆಯನ್ನೂ ಬರೆದರು.

1736ರಲ್ಲಿ ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದಿಂದ ಕರೆ ಬಂತು. ಆ ಊರನ್ನು ತಲುಪುವಾಗಲೇ ಗಾಡಿ ಮಗುಚಿತು. ಮಡದಿ ಮರಿಯಾನೆ ಒಂದು ತಿಂಗಳಲ್ಲಿ ತೀರಿಕೊಂಡರು. ಮನೆಯಲ್ಲಿ ತಾಯಿಲ್ಲದ ಎಳೆಯ ಮಕ್ಕಳು, ಎದುರಿಗೆ ಹೊಸ ಕೆಲಸ. ಹಾಲರ್ ಆ ದುಃಖವನ್ನು ಹೊತ್ತೇ ಹದಿನೇಳು ವರ್ಷ ಅಲ್ಲಿ ದುಡಿದರು.

ಆ ಕೆಲಸವಾದರೂ ಎಂಥದು? ಒಂದು ಶವವನ್ನು ಕೊಯ್ದು ನೋಡಿ ಮನುಷ್ಯರೆಲ್ಲ ಹೀಗೆಯೇ ಎಂದು ಬರೆದುಬಿಡುವುದು ಸುಲಭ. ಹಾಲರ್ ಹಾಗೆ ಮಾಡಲಿಲ್ಲ. ನೂರಾರು ಶವಗಳಲ್ಲಿ ಒಂದೊಂದೇ ರಕ್ತನಾಳದ ಜಾಡು ಹಿಡಿದರು. ಸಾಮಾನ್ಯವಾಗಿ ಕಾಣುವುದನ್ನು ಚಿತ್ರ ಬರೆಸಿ, ಬೇರೆಯಾಗಿ ಕಂಡದ್ದನ್ನೂ ಗುರುತಿಸಿದರು. 1743ರಿಂದ 1756ರವರೆಗೆ ಎಂಟು ಭಾಗಗಳಲ್ಲಿ ಆ ಚಿತ್ರಸಂಪುಟ ಹೊರಬಂತು. ಅವರ ಮೇಜಿಗೆ ಬಂದ ದೇಹಗಳಲ್ಲಿ ಹೆಚ್ಚಿನವು ಬಡವರವು, ದಿಕ್ಕಿಲ್ಲದವರವು, ಮರಣದಂಡನೆಗೆ ಗುರಿಯಾದವರವು. ಯಾರೂ ಅವರ ಒಪ್ಪಿಗೆ ಕೇಳಿರಲಿಲ್ಲ. ಹಾಲರ್ ಅವರ ಹೆಸರು ಉಳಿಯಿತು, ಅವರ ಹೆಸರುಗಳು ಉಳಿಯಲಿಲ್ಲ.

ಆ ಮುಕ್ಕಾಲಿ ನೂರಕ್ಕೆ ಸುಮಾರು 85ರಿಂದ 90 ಮಂದಿಯಲ್ಲಿ ಮಾತ್ರ ಪಾಠದಲ್ಲಿರುವಂತೆಯೇ ಇರುತ್ತದೆ ಎಂದು ಈಗ ತಿಳಿದಿದೆ. ಉಳಿದವರಲ್ಲಿ ಗುಲ್ಮದ ಕವಲೋ ಜಠರದ ಕವಲೋ ಬೇರೆ ಕಡೆಯಿಂದ ಹೊರಡಬಹುದು. ಮಣಿಪಾಲ, ಮಂಗಳೂರಿನ ವೈದ್ಯಕೀಯ ಕಾಲೇಜುಗಳಿಂದಲೂ ಇಂಥ ವರದಿಗಳು ಬಂದಿವೆ. ಇನ್ನು ಹತ್ತರಲ್ಲಿ ಒಬ್ಬಿಬ್ಬರಲ್ಲಿ ಜಠರದ ನಾಳವೇ ಯಕೃತ್ತಿನ ಎಡಭಾಗಕ್ಕೂ ರಕ್ತ ಕೊಡುತ್ತದೆ. ಜಠರದ ಕ್ಯಾನ್ಸರಿಗೆ ಶಸ್ತ್ರಚಿಕಿತ್ಸೆ ಮಾಡುವವರು ಇದನ್ನು ಗಮನಿಸದೆ ಆ ನಾಳವನ್ನು ಕತ್ತರಿಸಿದರೆ ಯಕೃತ್ತಿಗೆ ಅಪಾಯ. ಇದರಿಂದ ದೇಹಕ್ಕೆ ರೋಗವೇನಿಲ್ಲ; ಅದು ಹುಟ್ಟಿನಿಂದ ಬಂದ ಬೇರೆ ಬಗೆ, ಅಷ್ಟೇ. ಅದಕ್ಕೇ ಇಂದು ಶಸ್ತ್ರಕ್ರಿಯೆಗೆ ಮುನ್ನ ಸ್ಕ್ಯಾನ್ ಮಾಡಿ ಆ ರೋಗಿಯ ನಾಳಗಳ ದಾರಿಯನ್ನೇ ನೋಡಿಕೊಳ್ಳುತ್ತಾರೆ.

1753ರಲ್ಲಿ ಹಾಲರ್ ಬರ್ನ್‌ಗೆ ಮರಳಿದರು. ಅವರು ಪ್ರೊಟೆಸ್ಟೆಂಟ್ ಕ್ರೈಸ್ತರು. ವಿದ್ಯಾವಂತರು ಧರ್ಮವನ್ನು ಹಗುರವಾಗಿ ಕಾಣುತ್ತಿದ್ದ ಆ ಕಾಲದಲ್ಲಿ, ದೈವಪ್ರಕಟನೆಯ ಮುಖ್ಯ ಸತ್ಯಗಳನ್ನು ಕುರಿತು ಮಗಳಿಗೆ ಬರೆದ ಪತ್ರಗಳ ರೂಪದಲ್ಲಿ 1772ರಲ್ಲಿ ಒಂದು ಪುಸ್ತಕ ಹೊರತಂದರು. ಕೊನೆಯ ವರ್ಷಗಳಲ್ಲಿ ನೋವು ತಡೆಯಲು ಅಫೀಮು ಸೇವಿಸಬೇಕಾಯಿತು. ಅದರ ಪರಿಣಾಮವನ್ನೂ ಮುಚ್ಚಿಡದೆ ದಾಖಲಿಸಿದರು. 1777ರಲ್ಲಿ ಚಕ್ರವರ್ತಿ ಎರಡನೇ ಜೋಸೆಫ್ ಅವರ ಮನೆಗೇ ಬಂದು ಕಂಡರು. ಅದೇ ವರ್ಷ ಡಿಸೆಂಬರ್ 12ರಂದು ಹಾಲರ್ ನಿಧನರಾದರು. ಕೊನೆಯ ಗಳಿಗೆಯಲ್ಲೂ ತಮ್ಮ ನಾಡಿಯ ಮೇಲೆ ಬೆರಳಿಟ್ಟಿದ್ದರು ಎಂಬ ಪ್ರತೀತಿಯಿದೆ.

ಇಂದು ನಮ್ಮ ರಾಜ್ಯದಲ್ಲೂ ಸ್ವಇಚ್ಛೆಯಿಂದ ದೇಹದಾನ ಮಾಡುವವರಿದ್ದಾರೆ. ಹಿಂದೆ ಒಪ್ಪಿಗೆಯಿಲ್ಲದೆ ಪಡೆದುದನ್ನು ಈಗ ಪ್ರೀತಿಯಿಂದ ಕೊಡುತ್ತಿದ್ದಾರೆ. ಮೃತರಿಗಾಗಿ ಪ್ರಾರ್ಥಿಸುವಾಗ ಈ ದಾನಿಗಳನ್ನೂ, ಗಾಟಿಂಗನ್ನಿನ ಆ ಹೆಸರಿಲ್ಲದ ಬಡವರನ್ನೂ ನೆನೆಯೋಣ.