ಪ್ರತಿವಿಷವನ್ನು ಅಳೆದ ಪಾಲ್ ಎರ್ಲಿಕ್

ಮಕ್ಕಳೇ, ಹಾಲನ್ನು ಲೀಟರಿನಲ್ಲಿ ಅಳೆಯುತ್ತೇವೆ, ಅಕ್ಕಿಯನ್ನು ಕಿಲೋ ಲೆಕ್ಕದಲ್ಲಿ ತೂಗುತ್ತೇವೆ. ರಕ್ತದಲ್ಲಿರುವ, ಕಣ್ಣಿಗೆ ಕಾಣದ ಪ್ರತಿವಿಷವನ್ನು ಅಳೆಯುವುದು ಹೇಗೆ? ಇದಕ್ಕೆ ದಾರಿ ಕಂಡುಹಿಡಿದವರು ಪಾಲ್ ಎರ್ಲಿಕ್.

ಅವರು ಹುಟ್ಟಿದ್ದು 1854ರ ಮಾರ್ಚ್ 14ರಂದು, ಸ್ಟ್ರೇಲೆನ್ ಎಂಬ ಊರಿನಲ್ಲಿ. ಆಗ ಪ್ರಷ್ಯಾಕ್ಕೆ ಸೇರಿದ್ದ ಆ ಊರು ಈಗ ಪೋಲೆಂಡಿನಲ್ಲಿದೆ. ವೈದ್ಯಕೀಯ ಓದುವಾಗ ಅವರಿಗೆ ಬಣ್ಣಗಳದೇ ಹುಚ್ಚು! ಜೀವಕೋಶಗಳಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದರು.

ಆ ಕಾಲದಲ್ಲಿ ಗಂಟಲಮಾರಿ, ಅಂದರೆ ಡಿಫ್ತೀರಿಯಾ, ಸಾವಿರಾರು ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. (ನಿಮಗೆ ಚಿಕ್ಕಂದಿನಲ್ಲೇ ಇದರ ಲಸಿಕೆ ಹಾಕಿಸಿರುತ್ತಾರೆ.) ರೋಗಾಣುವಿನ ವಿಷವನ್ನು ತಡೆಯುವ ಪ್ರತಿವಿಷ ರಕ್ತದಲ್ಲಿ ಉಂಟಾಗುತ್ತದೆಂದು 1890ರಲ್ಲಿ ಬೆರಿಂಗ್ ಮತ್ತು ಕಿಟಾಸಾಟೊ ತೋರಿಸಿದರು. ಮುಂದೆ ಕುದುರೆಯ ರಕ್ತದಿಂದ ಪ್ರತಿವಿಷವಿರುವ ಸೀರಂ ತಯಾರಾಯಿತು. ಆದರೆ ಒಂದು ಸೀಸೆಯ ಸೀರಂ ಮಗುವನ್ನು ಉಳಿಸಿದರೆ, ಇನ್ನೊಂದು ಸೀಸೆಯದು ಸಾಲುತ್ತಿರಲಿಲ್ಲ. ಯಾವುದರಲ್ಲಿ ಎಷ್ಟು ಶಕ್ತಿಯಿದೆ ಎಂದು ತಿಳಿಯುವುದೇ ಕಷ್ಟವಾಗಿತ್ತು.

ಎರ್ಲಿಕ್ ಗೊತ್ತಾದ ಪ್ರಮಾಣದ ವಿಷಕ್ಕೆ ಸೀರಂ ಬೆರೆಸಿ ಗಿನಿಪಿಗ್‌ಗಳಿಗೆ ಚುಚ್ಚಿದರು. ಎಷ್ಟು ಸೀರಂ ಬೆರೆಸಿದರೆ ಪ್ರಾಣಿ ಬದುಕುತ್ತದೆ ಎಂಬುದೇ ಅಳತೆ. ಪಾಪ, ಅವುಗಳ ಋಣ ದೊಡ್ಡದು. ಆದರೆ ಇಲ್ಲೊಂದು ತೊಡಕು: ಇಟ್ಟಲ್ಲೇ ವಿಷದ ಶಕ್ತಿ ಕುಂದುತ್ತಿತ್ತು. ದಿನದಿನಕ್ಕೂ ಸವೆಯುವ ತೂಕದ ಬಟ್ಟಿನಿಂದ ತೂಗಿದ ಹಾಗೆ! ಆದ್ದರಿಂದ ಅವರು ಸೀರಂ ಅನ್ನೇ ಒಣಗಿಸಿ, ಗಾಳಿ ತೆಗೆದ ಗಾಜಿನ ಕೊಳವೆಗಳಲ್ಲಿ ಕೆಡದಂತೆ ಇಟ್ಟರು. ಹೊಸ ಸೀರಂಗಳನ್ನೆಲ್ಲ ಆ ಮಾದರಿಯೊಂದಿಗೆ ಹೋಲಿಸಲಾಯಿತು. ಇದನ್ನು ಅವರು 1897ರಲ್ಲಿ ಪ್ರಕಟಿಸಿದರು.

1908ರಲ್ಲಿ ಅವರಿಗೂ ಮೆಚ್ನಿಕಾಫ್‌ರಿಗೂ ನೊಬೆಲ್ ಪ್ರಶಸ್ತಿ ಬಂತು. ಎರ್ಲಿಕ್ 1915ರ ಆಗಸ್ಟ್ 20ರಂದು ತೀರಿಕೊಂಡರು.

ರೋಗದೊಡನೆ ಹೋರಾಡುವ ಕೋಶಗಳು ಒಂದಕ್ಕೊಂದು ಸುದ್ದಿ ಮುಟ್ಟಿಸಲು ಸೈಟೊಕೈನ್ ಎಂಬ ಪ್ರೋಟೀನುಗಳನ್ನು ಬಿಡುತ್ತವೆ. ರಕ್ತದಲ್ಲಿ ಇವನ್ನು ಅಳೆಯಲು ಇಂದು ಪ್ರಯೋಗಾಲಯಗಳಲ್ಲಿ ಕಿಟ್‌ಗಳಿವೆ. ಅವುಗಳೊಳಗೆ ಹೋಲಿಕೆಗೆಂದು ಪ್ರಮಾಣ ಗೊತ್ತಿರುವ ಮಾದರಿಯ ಪುಟ್ಟ ಸೀಸೆಯೊಂದು ಇರುತ್ತದೆ. ಹಲವು ಕಿಟ್‌ಗಳಲ್ಲಿ ಅದೂ ಒಣಗಿಸಿದ ಪುಡಿಯೇ.